ಮೂವತ್ತೆರಡು ಮನೆಗಳ ಕಾವಲು

ಗೆಳೆಯ ಅಮರ,

ಅನಗೋಳದ ನಿಮ್ಮ ಮನೆಗೆ ನಿನ್ನೆ ಬಂದಿದ್ದೆ. "ಮನ್ಯಾಗಿಲ್ಲ ಅಂತ ಹೇಳು ಅಂದಾನವ್ವಾ," ಎಂದರು ನಿಮ್ಮವ್ವ. ಅದಕ್ಕೇ ಬರೆಯುತ್ತಿದ್ದೇನೆ. ಹಂಚಿನ ಕಾರ್ಖಾನೆಯ ಅಪಘಾತದ ಬಗ್ಗೆ ಸೋಮವಾರ ನಡೆಯುವ ವಿಚಾರಣೆಯಲ್ಲಿ, ತಪ್ಪು ಪ್ರೆಸ್ ನಡೆಸುತ್ತಿದ್ದ ಚಂದ್ರವ್ವನದೇ ಎಂದು ಹೇಳಲು ನೀನು ಒಪ್ಪಿದ್ದೀಯಂತೆ. ಯಂತ್ರಗಳಿಗೆ ಬೋರ್ಡ್ ತಯಾರಿಸುವ ಮಚ್ಛೆಯ ನಮ್ಮ ವರ್ಕ್‌ಶಾಪಿನಲ್ಲಿ ಮಾಲೀಕ ಬಾಳಪ್ಪನವರು ಎಲ್ಲರೆದುರು ಹೇಳಿದರು.

ಆಸ್ಪತ್ರೆಯಲ್ಲಿ ಆಕೆಯನ್ನು ನೋಡಿದೆ. ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು ಮಾತ್ರ. "ಬಾಗಲಾ ತಗದಿದ್ದೆ ಯವ್ವಾ. ಬಾಗಲಾ ತಗದ್ರ ಪ್ರೆಸ್ ನಿಂದರತೈತಿ ಅಂತ ನೀವ ಹೇಳಿದ್ರಿ. ಅಚ್ಚಿಗೆ ಹತ್ತಿದ ಮಣ್ಣ ಕೆರ್ಯಾಕ ಕೈ ಹಾಕಿದೆ," ಎಂದಳು. ನೀವು ಎಂದರೆ ನಾನು ಮತ್ತು ನೀನು. ಖಾನಾಪುರದ ಆ ಹಂಚಿನ ಕಾರ್ಖಾನೆಗೆ ಪ್ರೆಸ್ಸುಗಳನ್ನು ನಿಯಂತ್ರಿಸುವ ಬೋರ್ಡ್ ಕೂರಿಸಲು ಹೋದಾಗ ಹಾಗೆ ಹೇಳಿಕೊಟ್ಟವರು ನಾವೇ.

ನಿನಗೆ ಗೊತ್ತಿದ್ದುದನ್ನೇ ಬರೆಯುತ್ತೇನೆ, ಓದು. ಪ್ರತಿ ಪ್ರೆಸ್ಸಿಗೆ, ಬಾಗಿಲು ತೆರೆದರೆ ಅದನ್ನು ನಿಲ್ಲಿಸುವ ಎಂಟು ಕಾವಲು ಸ್ವಿಚ್ಚು. ಒಂದೊಂದಕ್ಕೂ ಚಿಪ್ಪಿನಲ್ಲಿ ಒಂದು ಬಿಟ್, ಅಂದರೆ ಸೊನ್ನೆಯೋ ಒಂದೋ ಕೂರುವ ಒಂದು ಮನೆ. ಅಂಥ ಮನೆಗಳು ಮೂವತ್ತೆರಡು. ಎಷ್ಟು ಮನೆಗಳ ಮೇಲೆ ಕಣ್ಣಿಡಬೇಕೆಂದು ಹೇಳುವುದು ನೀನು ಬರೆದ ಪುಟ್ಟ ಫಂಕ್ಷನ್, ಪ್ರೋಗ್ರಾಮಿನ ಕೆಲವೇ ಸಾಲು. ಅದು ಒಂದು ಎಂಬ ಅಂಕಿಯನ್ನು ಅಷ್ಟು ಮನೆ ಮುಂದೆ ಜರುಗಿಸಿ, ಅದರಿಂದ ಒಂದು ಕಳೆಯುತ್ತದೆ. ಹಿಂದಿನ ಮನೆಗಳಲ್ಲೆಲ್ಲ ಒಂದು ಬಂದು ಕೂರುತ್ತದೆ; ಒಂದು ಕೂತ ಮನೆಗೆ ಮಾತ್ರ ಕಾವಲು. ಮೂವತ್ತೆರಡೂ ಬೇಕೆಂದಾಗ, ಹಳೆಯ ಚಿಪ್ಪಿನಲ್ಲಿ ಆ ಒಂದು ಅಂಚಿನಿಂದ ಬಿದ್ದು ಸೊನ್ನೆಯಾಗುತ್ತದೆ. ಸೊನ್ನೆಯಿಂದ ಒಂದು ಕಳೆದರೆ ಎಲ್ಲ ಮನೆಯೂ ತುಂಬುತ್ತದೆ. ಖಾನಾಪುರದ ಬೋರ್ಡಿನಲ್ಲಿರುವ ಹೊಸ ಅಗ್ಗದ ಚಿಪ್ಪು ಮಾತ್ರ ಮೂವತ್ತೆರಡು ಹೆಜ್ಜೆಯನ್ನು ಸೊನ್ನೆ ಹೆಜ್ಜೆ ಎಂದು ತಿಳಿಯುತ್ತದೆ. ಒಂದು ಕದಲುವುದೇ ಇಲ್ಲ. ಒಂದರಿಂದ ಒಂದು ಹೋದರೆ ಏನೂ ಉಳಿಯದು. ಯಾವ ಬಾಗಿಲಿಗೂ ಕಾವಲಿಲ್ಲ.

ಯಾವ ಚಿಪ್ಪಿನಲ್ಲೂ ಒಂದೇ ಉತ್ತರ ಬರುವಂತೆ ಮೂವತ್ತೆರಡಕ್ಕೆಂದೇ ಒಂದು ಸಾಲು ಬರೆ ಎಂದಿದ್ದೆ. ನೀನು ನಕ್ಕೆ. "ಏ ಶೀತಲ, ಲೆಕ್ಕಾ ಚಿಪ್ಪಿಗೊಂದ ಇರತೈತೇನ? ನಿನ್ನ ಕ್ರಾಂತಿ ಆಮ್ಯಾಲ ಮಾಡು, ಮೊದಲ ಚಾ ತರಸು." ನಾನು ಜಗಳವಾಡಿದೆ, ಸೋತೆ.

ಮೂರು ಪ್ರೆಸ್ಸುಗಳು ಮಳೆಗಾಲವೆಲ್ಲ ಸರಿಯಾಗಿ ನಡೆದವು. ನಾಲ್ಕನೆಯದನ್ನು ಅದೇ ಬೋರ್ಡಿಗೆ ಜೋಡಿಸಿದ ಶುಕ್ರವಾರ ಮೂವತ್ತೆರಡೂ ಮನೆ ಭರ್ತಿಯಾದವು. ಹೊಸ ಪ್ರೆಸ್ಸಿನ ಮೊದಲ ಹಂಚನ್ನು ಹಿರಿಯ ಕೈಯೇ ಒತ್ತಬೇಕೆಂಬುದು ಅಲ್ಲಿನ ರೂಢಿ. ಕಾಯಿ ಒಡೆದು ಚಂದ್ರವ್ವನನ್ನು ಕರೆದರು.

"ಮೂರು ಮಿಷಿನ್ ಇಷ್ಟ ದಿನಾ ನಡದಾವಿಲ್ಲೊ? ಆಕೀನ ಅವಸರ ಮಾಡ್ಯಾಳ," ಎನ್ನುತ್ತಾರೆ ಬಾಳಪ್ಪನವರು. ಅವಸರ ಎಂಬುದು ದುಡಿಯುವವರಿಗೆ ಮಾತ್ರ ಅಂಟುವ ರೋಗ. ಅದನ್ನು ಪತ್ತೆಹಚ್ಚುವ ವೈದ್ಯರು ಯಾವಾಗಲೂ ಮಾಲೀಕರೇ.

ಅಮರ, ಒಂದು ಸಾಲು ಬಿಟ್ಟುಹೋಗುವುದು ಯಾರಿಗೂ ಆಗುವಂಥದ್ದು. ಅದನ್ನು ಆಕೆಯ ತುಂಡಾದ ಕೈಯಿಂದ ಮುಚ್ಚುವುದು ಅಪರಾಧ. ಸೋಮವಾರ ಹಳೆಯ ಚಿಪ್ಪಿನದೊಂದು, ಹೊಸ ಚಿಪ್ಪಿನದೊಂದು ಬೋರ್ಡ್ ಹೊತ್ತು ವಿಚಾರಣೆಗೆ ಹೋಗುತ್ತೇನೆ. ಅಧಿಕಾರಿಯ ಮೇಜಿನ ಮೇಲೆ ಎರಡರಲ್ಲೂ ಅದೇ ಫಂಕ್ಷನ್ ಓಡಿಸುತ್ತೇನೆ. ಬರೆದವರು ಯಾರು ಎಂದು ಅವರು ಕೇಳದೆ ಇರುವುದಿಲ್ಲ. ಆಗ ನೀನೇ ಎದ್ದು ನಿಲ್ಲು. ನಿಲ್ಲದಿದ್ದರೆ ನಾನು ಹೇಳುತ್ತೇನೆ. ಇಬ್ಬರ ಕೆಲಸವೂ ಹೋಗುತ್ತದೆ, ಹೋಗಲಿ.

ಸೋಮವಾರದವರೆಗೆ ನಿನಗೆ ನಿದ್ದೆ ಬಾರದಿರಲಿ. ಆಮೇಲೆ ಚೆನ್ನಾಗಿ ಬರಲಿ.

ಇನ್ನೂ ನಿನ್ನ ಗೆಳತಿಯೇ ಆಗಿರುವ,
ಶೀತಲ