ಹಂಪಣ್ಣವರ ಕೊಳೆ

ಬಿತ್ತನೆ ನಿಂತ ನೂರ ಹದಿನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳು

ಜೋಳದ ತಳಿ ವಿಜ್ಞಾನಿ ಡಾ. ಚನ್ನವೀರ ಹಂಪಣ್ಣವರ ಅವರಿಗೆ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಮನ್ನಿಸಿ ಎಂದು ನಾನು ಕೇಳುವುದು ಇದೊಂದಕ್ಕೇ. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ ಬಂದಿದೆ. ಅದು ಒಬ್ಬರಿಗೆ ನಾಲ್ಕೇ ಪತ್ರ ಒಯ್ಯುತ್ತದೆ. ಮೊದಲ ಮೂರನ್ನು, ನಿಮ್ಮ ಹೊಸ ಜೋಳದ ಬೀಜಕ್ಕೆ ಒಪ್ಪಿಗೆ ಕೊಟ್ಟ ಸಭೆಗೆ ಮುಂಚೆಯೇ ನಿಮಗೆ ಸಿಗುವಂತೆ ಕಳಿಸಿದ್ದೆ. ಮೂರರ ಮೇಲೂ ‘ಬರೆದವರ ವಿದ್ಯಾರ್ಹತೆ ತಿಳಿಸಿಲ್ಲ’ ಎಂದು ಗೀಚಿ ಕಡತಕ್ಕೆ ಸೇರಿಸಿದಿರಿ.

ಆ ಸಭೆಗೆ ನಿಮ್ಮ ಲ್ಯಾಬಿನ ಸಹಾಯಕಿ ಫಕೀರವ್ವ ಬಾರಕೇರ ಬಕೀಟಿನಲ್ಲಿ ಜೋಳದ ಗಿಡಗಳನ್ನು ಬೇರುಸಮೇತ ತಂದಿದ್ದಳು. ಹೊಸ ಬೀಜಕ್ಕೆ ನೀವು ಬಳಿಯುವ ಔಷಧಿ ಬೇರಿನ ಬಿಳಿ ಬೂಷ್ಟನ್ನು ಕೊಲ್ಲುತ್ತದೆ, ಗಿಡವನ್ನು ಕಾಯುವುದೇ ಆ ಬೂಷ್ಟು ಎಂದಳು. ನೀವು ಹೇಳಿದ್ದು ನಮ್ಮ ದಾಖಲೆಯಲ್ಲಿ ಹಾಗೇ ಇದೆ: “ಏ ಫಕೀರವ್ವ, ಬೂಷ್ಟು ನೋಡಾಕ ನಾವು ಪಿಎಚ್‌ಡಿ ಮಾಡೇವಿ. ನೀ ಬಕೀಟು ಹೊರಗಿಟ್ಟು ಚಾ ತಗೊಂಡ ಬಾ.” ಎಲ್ಲರೂ ನಕ್ಕರು. ಅದೇ ಬೂಷ್ಟು ಸತ್ತಿದ್ದನ್ನು ತಮ್ಮ ಪ್ಲಾಟಿನಲ್ಲಿ ಕಂಡಿದ್ದ ಇಬ್ಬರು ಕಿರಿಯ ವಿಜ್ಞಾನಿಗಳೂ ನಿಮ್ಮ ಮುಖ ನೋಡಿ ನಕ್ಕರು. ಅವಳು ಚಹಾ ತಂದಳು.

ನಿಮ್ಮ ಬೀಜ ಊರೂರಿಗೆ ಹೋಗಿ ಹನ್ನೊಂದು ವರ್ಷಕ್ಕೆ ಜೋಳ ಬುಡದಿಂದ ಕೊಳೆಯಿತು. ಮೂವತ್ತಕ್ಕೆ ಕೊಳೆ ಉಳಿದ ಪೈರುಗಳಿಗೂ ಹಬ್ಬಿ ಬೀಜವೂ ಉಳಿಯಲಿಲ್ಲ, ಬಿತ್ತನೆಯೇ ನಿಂತಿತು. ಈಗ ನಾವು ತಿನ್ನುವುದು ಪಾಚಿಹಿಟ್ಟು, ತೊಟ್ಟಿಯಲ್ಲಿ ಬೆಳೆದದ್ದು. ಅದನ್ನು ತಟ್ಟಲು ಬರುವುದಿಲ್ಲ, ಸೌಟಿನಲ್ಲಿ ಸುರಿದು ಕೆರೆದು ತಿನ್ನಬೇಕು. ರೊಟ್ಟಿ ಬಡಿಯುವ ಸದ್ದು ಹೇಗಿತ್ತೆಂದು ನನ್ನಜ್ಜಿ ಬರಿ ಹಲಗೆಯ ಮೇಲೆ ಕೈ ಬಡಿದು ತೋರಿಸುತ್ತಿದ್ದಳು, ಆಮೇಲೆ ಅಳುತ್ತಿದ್ದಳು. ನಮ್ಮ ವಿಜ್ಞಾನಿಗಳು ಸಭೆಯಲ್ಲಿ ಬಾಯಿ ತೆರೆಯುವ ಮೊದಲು ‘ತಪ್ಪೊಪ್ಪು’ ಹೇಳಬೇಕು, ಎಂದರೆ ತಾವು ಎಡವಿದ ಒಂದು ಸಂಗತಿ. ಎಡವಿಯೇ ಇಲ್ಲ ಎನ್ನುವವರಿಗೆ ಕುರ್ಚಿಯಿಲ್ಲ. ಕಸ ಗುಡಿಸುವವರು ಪ್ರಶ್ನೆ ಕೇಳಿದರೂ ಎದ್ದು ನಿಂತು ಉತ್ತರಿಸಬೇಕು. ಇಷ್ಟು ಬುದ್ಧಿ ಬರಲು ನಮಗೆ ಎರಡು ತಲೆಮಾರಿನ ಹಸಿವು ಬೇಕಾಯಿತು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನೀವು ಮಾಡಿದ್ದನ್ನು ಉಣ್ಣುತ್ತಿರುವವರು ನಾವು. ನನಗೆ ನಿಮ್ಮ ಮೇಲೆ ಕೆಂಡದಂಥ ಸಿಟ್ಟಿದೆ, ಅದಕ್ಕೇ ಈ ಕೊನೆಯ ಪತ್ರವನ್ನು ನಿಮ್ಮ ನಿವೃತ್ತಿಯ ದಿನಕ್ಕೆ ಕಳಿಸಿದೆ. ಈಗ ತಿದ್ದಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ಇವತ್ತು ಹಾರ ಹಾಕಿಸಿಕೊಂಡು, ವಿಜ್ಞಾನದಲ್ಲಿ ನನ್ನ ಹೆಸರೊಂದು ಉಳಿದರೆ ಸಾಕು ಎಂದು ಭಾಷಣ ಮಾಡುತ್ತೀರಿ.

ಉಳಿದಿದೆ. ಜೋಳವನ್ನು ಕೊಂದ ರೋಗಕ್ಕೆ ‘ಹಂಪಣ್ಣವರ ಕೊಳೆ’ ಎಂದು ಹೆಸರು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ, ನಿಯಮ ನಿಮ್ಮ ಕಾಲದ್ದೇ.

ಇಂತಿ,
ಫಕೀರವ್ವನ ಮರಿಮೊಮ್ಮಗಳ ಮಗಳು,
ರೋಗಗಳಿಗೆ ಹೆಸರಿಡುವ ಕಚೇರಿಯಿಂದ