ಟ್ರೇಲರ್ ಕಟ್ಟಿದವರ ಹೆಸರು

ಆರ್ಲಿಸ್,

ಶೆರಿಫ್ ಕಚೇರಿಯ ಲಿಂಡಾಲ್ ಹತ್ತು ಗಂಟೆಗೆ ಮನೆಯಲ್ಲೇ ಕಟ್ಟಿದ ಟ್ರೇಲರ್ ನೋಡಲು ಬರುತ್ತಾನೆ. ಅವನು ನಂಬರ್ ಕೊಟ್ಟರೆ ಮಾತ್ರ ಅದು ರಸ್ತೆಗಿಳಿಯುವುದು. ಆಕ್ಸಲ್, ಟೈರು, ಕಬ್ಬಿಣದ ರಸೀದಿಗಳೆಲ್ಲ ಬ್ರೆಡ್ ಡಬ್ಬಿಯ ಮೇಲಿವೆ. ಗೋಧಿ ಕಣಜದ ಲಾರಿ ತಕ್ಕಡಿಯಲ್ಲಿ ಟ್ರೇಲರ್ ತೂಕ ಹಾಕಿಸಿದ ಚೀಟಿಯೂ ಅಲ್ಲೇ ಇದೆ. ಮುಂದಿನ ಕೊಂಡಿಯ ಹತ್ತಿರ ಈಗಲೇ ಬಣ್ಣ ಬಳಿಯಬೇಡ, ನಂಬರ್ ಹೊಡೆಯುವುದು ಅಲ್ಲೇ ಅಂತೆ.

ಹಿಂದಿನ ದೀಪ ಎರಡೂ ಉರಿಯುತ್ತಿವೆ. ನಿನ್ನ ವೆಲ್ಡಿಂಗ್ ಮೇಲೆ ಉದ್ದಕ್ಕೂ ಬೆರಳಾಡಿಸಿದೆ, ಎಲ್ಲೂ ಒಂದು ಗಂಟು ಸಿಗಲಿಲ್ಲ. ನಲವತ್ತು ವರ್ಷ ಟ್ರಾಕ್ಟರ್ ರಿಪೇರಿ ಮಾಡಿದ ನನ್ನ ಕೈಗೆ ಅದು ಬರುವುದಿಲ್ಲ.

ಅರ್ಜಿಯಲ್ಲಿ ‘ತಯಾರಿಸಿದವರು’ ಎಂಬಲ್ಲಿ ನೀನು ಪೆನ್ಸಿಲಿನಲ್ಲಿ ಗಂಡ ಅಂತ ನನ್ನ ಹೆಸರು ಬರೆದಿದ್ದೆ. ಅಳಿಸಿ, ಪೆನ್ನಿನಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಮೊನ್ನೆ ಕಾಫಿ ಅಂಗಡಿಯಲ್ಲಿ ಲಿಂಡಾಲ್ ಟ್ರೇಲರ್ ಸುದ್ದಿ ಕೇಳಿ “ಭಲೇ ಮುದುಕ, ಏನ್ ಕೆಲ್ಸ ಮಾಡಿದೀಯೋ!” ಅಂತ ನನ್ನ ಬೆನ್ನು ತಟ್ಟಿದ. ನೀನು ಪಕ್ಕದಲ್ಲೇ ನಿಂತು “ಹೂಂ, ಇಡೀ ಚಳಿಗಾಲ ಇವ್ರು ಅದ್ರಲ್ಲೇ ಮುಳುಗಿದ್ರು” ಅಂದೆಯಲ್ಲ, ನನಗೆಷ್ಟು ನಾಚಿಕೆಯಾಯಿತು ಗೊತ್ತಾ? ಇಡೀ ಚಳಿಗಾಲ ನಾನು ನಿನಗೆ ಬೆಳಕಿಗೆ ಟಾರ್ಚ್ ಹಿಡಿದಿದ್ದೆ, ಅಷ್ಟೆ. ಅದನ್ನೂ ನೆಟ್ಟಗೆ ಹಿಡಿಯಲಿಲ್ಲ ಅಂತ ನಿನ್ನಿಂದ ಬೈಸಿಕೊಂಡೆ.

ರೂಬಾರ್ಬ್ ಪೈ ಅವನಿಗೆ ಕೊಡು, ನನಗೂ ಒಂದು ತುಂಡು ಉಳಿಸು.

ನಾನು ಮನೆಯಲ್ಲಿದ್ದರೆ ಅವನು ಪ್ರಶ್ನೆಗಳನ್ನೆಲ್ಲ ನನ್ನನ್ನೇ ಕೇಳುತ್ತಾನೆ, ನೀನೂ ಸುಮ್ಮನಿದ್ದುಬಿಡುತ್ತೀಯ. ಅದಕ್ಕೇ ಮೀನು ಹಿಡಿಯಲು ಕೆರೆಗೆ ಹೊರಟೆ. ಗಾಳ ಶೆಡ್ಡಿನಲ್ಲೇ ಇದೆ, ಗೊತ್ತು. ತಂದುಕೊಡಲು ಬರಬೇಡ.

ಲೇಲಂಡ್