ರವಿವಾರದ ಗಾಡಿ ಸಪ್ಪಳ

ಬಿಬವೇವಾಡಿ, ಪುಣೆ
14 ನವೆಂಬರ್ 1999, ರವಿವಾರ

ಚಿ. ಸೌ. ನೀತಾಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರಗಳೆಲ್ಲ ಮುಟ್ಟಿವೆ. ಅಂಚೆಯವನನ್ನು ಬೈಯಬೇಡ, ತಡ ಮಾಡಿದವಳು ನಾನೇ. ದೀಪಾವಳಿಗೆ ನೀನು ಕಳಿಸಿದ ಶೇಂಗಾ ಹೋಳಿಗೆ ಚೆನ್ನಾಗಿದ್ದವು ಎಂದು ಬರೆಯಲಿಕ್ಕೂ ಕೈ ಬರಲಿಲ್ಲ. ಹೋಳಿಗೆಯ ಮಾತು ಎತ್ತಿದರೆ ಗಾಡಿಯ ಮಾತೂ ಎತ್ತಬೇಕಾಗುತ್ತಿತ್ತು.

ಅದನ್ನೇ ಮೊದಲು ಹೇಳಿಬಿಡುತ್ತೇನೆ. ಗಾಡಿ ಒಯ್ಯಲಿಕ್ಕೆ ಅಳಿಯಂದಿರನ್ನು ಕಳಿಸಬೇಡ. ನಮ್ಮ ಮೆಟಾಡೋರ್ ಇನ್ನು ಓಡುವುದಿಲ್ಲ. ಇಲಿಗಳು ಹಾಳು ಮಾಡಿದವು ಎಂದು ಒಂದೇ ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅದು ಅರ್ಧ ಮಾತು. ಉಳಿದರ್ಧ ನಾನು.

ಶ್ರಾವಣದಲ್ಲಿ ನೀನು ಕೇಳಿದ್ದು ನ್ಯಾಯದ ಮಾತೇ. ವಿಜಾಪುರದಲ್ಲಿ ಎಣ್ಣೆ ಮಿಲ್ಲು ಮುಚ್ಚಿದೆ, ಅಳಿಯಂದಿರು ಮನೆಯಲ್ಲಿ ಕೂತಿದ್ದಾರೆ, ಅಪ್ಪನಿಂದ ಇನ್ನು ಗಾಡಿ ನಡೆಸುವುದಾಗದು, ನಮಗೆ ಕೊಟ್ಟರೆ ಬಾಡಿಗೆ ಹೊಡೆದು ಸಂಸಾರ ದಾಟಿಸುತ್ತೇವೆ ಎಂದು ಬರೆದಿದ್ದೆ. ದಸರೆ ಆಗಲಿ, ನೋಡೋಣ ಎಂದು ಎರಡು ಸಾಲು ಬರೆದು ಹಾಕಿದೆ. ಕಾರಣ ಬರೆಯಲಿಲ್ಲ. ಅವ್ವನ ಮನಸ್ಸು ಕಲ್ಲಾಯಿತು ಎಂದು ನೀನು ಅತ್ತಿರಬೇಕು.

ಕಾರಣ ನಿಮ್ಮಪ್ಪ. ಲಕ್ವಾ ಹೊಡೆದ ಮೇಲೆ ಅವರು ಒಳಕೋಣೆಯ ಮಂಚ ಬಿಟ್ಟಿಲ್ಲ ಎನ್ನುವುದು ನಿನಗೆ ಗೊತ್ತು. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೇರಿಸುವಾಗ ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ, ಈಗ ನೀರು ಬೇಕಾದರೂ ಒಂದು ಮಾತು ಹೊರಡಿಸಲಿಕ್ಕೆ ಒದ್ದಾಡುತ್ತಾರೆ. ಕಿಟಕಿಯಿಂದ ಗಾಡಿ ಕಾಣುವುದಿಲ್ಲ. ಅದಕ್ಕೇ ನಾನು ಪ್ರತಿ ರವಿವಾರ ಕೆಳಗಿಳಿದು, ಗಾಡಿಗೆ ಹೊದಿಸಿದ ತಾಡಪತ್ರಿ ಸರಿಸಿ, ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡುತ್ತಿದ್ದೆ. ಸ್ವಲ್ಪ ಹೊತ್ತು ನಿಂತಲ್ಲೇ ಓಡಿಸಿ ಬಂದ್ ಮಾಡಿ ಮೇಲೆ ಬಂದರೆ, ಅವರು ಎಡಗೈಯ ಒಂದು ಬೆರಳು ಎತ್ತುತ್ತಿದ್ದರು. ಬೆರಳೆತ್ತಿದರೆ ಗಾಡಿ ಚೆನ್ನಾಗಿದೆ ಎಂದರ್ಥ. ಒಮ್ಮೆ ಎತ್ತಲಿಲ್ಲ, ಕೈ ಅಲ್ಲಾಡಿಸಿದರು. ಮೆಕ್ಯಾನಿಕ್ ಅಂಬಾದಾಸನನ್ನು ಕರೆಸಿ ತೋರಿಸಿದರೆ ಬೆಲ್ಟು ಸಡಿಲಾಗಿತ್ತು. ಪಲ್ಯಕ್ಕೆ ಉಪ್ಪು ಮರೆತರೂ ಸುಮ್ಮನೆ ಉಣ್ಣುವವರು, ಬೆಲ್ಟು ಸಡಿಲಾದದ್ದನ್ನು ಹಾಸಿಗೆಯಿಂದ ಹಿಡಿದರು. ಆ ದಿನ ನಾನು ಎಷ್ಟು ಹಿಗ್ಗಿದೆನೆಂದರೆ, ಓಣಿಗೆಲ್ಲ ಹೇಳಿಕೊಂಡು ಬಂದೆ. ಅಂಥ ಸಪ್ಪಳವನ್ನು ನಿನ್ನ ಊರಿಗೆ ಹೇಗೆ ಕಳಿಸಲಿ?

ಮಳೆ ಹಿಡಿದ ಮೇಲೆ ಇಲಿಗಳು ಹೊಕ್ಕವು. ಸೀಟಿನ ಮೇಲೆ ಹಿಕ್ಕೆ, ಒಳಗೆಲ್ಲ ಗಬ್ಬು ವಾಸನೆ. ಡಾಂಬರು ಗುಳಿಗೆ ಇಟ್ಟೆ. ನಿಪ್ಪಾಣಿಯ ತಂಬಾಕು ತರಿಸಿ ಬಟ್ಟೆಯಲ್ಲಿ ಕಟ್ಟಿ ಮೂಲೆಮೂಲೆಗೆ ತೂಗಿಬಿಟ್ಟೆ. ಬೋನಿಗೆ ರೊಟ್ಟಿ ಚೂರು ಸಿಕ್ಕಿಸಿ ಹಿಡಿದದ್ದನ್ನು ಕಾಲುವೆಯ ಆಚೆ ಬಿಟ್ಟು ಬರುತ್ತಿದ್ದೆ. ಮಾವಶಿ, ನಿಮಗಿಂತ ಮೊದಲು ಅವೇ ಮನೆ ಮುಟ್ಟುತ್ತವೆ ಎಂದು ಕೆಳಗಿನ ಮನೆಯ ಮಾಧುರಿ ಮರಾಠಿಯಲ್ಲಿ ನಗೆಯಾಡುತ್ತಿದ್ದಳು. ಅಂಬಾದಾಸ ಬೇರೆಯದೇ ಹೇಳಿದ. ನಿಂತ ಗಾಡಿಯೆಂದರೆ ಇಲಿಗೆ ಛತ್ರ, ಅದರಲ್ಲೂ ವಾರಕ್ಕೊಮ್ಮೆ ಎಂಜಿನ್ ಕಾಯಿಸಿ ಬೆಚ್ಚಗೆ ಮಾಡಿಕೊಡುವವರು ಇದ್ದರೆ ಕೇಳಬೇಕೆ ಎಂದ. ಚಾಲೂ ಮಾಡಿ ನಿಲ್ಲಿಸಬ್ಯಾಡ್ರಿ ವೈನಿ, ನಾಕು ಮೈಲಿ ಓಡಿಸ್ರಿ ಎಂದೂ ಹೇಳಿದ. ನಾನು ಓಡಿಸುವವಳೇ?

ಗಣೇಶ ಚೌತಿಯ ಹಿಂದಿನ ದಿನ, ಎರಡು ಸೀಟುಗಳ ನಡುವೆ ಎಂಜಿನ್ ಮೇಲಿರುವ ಮುಚ್ಚಳ ಎತ್ತಿದೆ. ಅದರ ಪಕ್ಕದಲ್ಲೇ ಗೂಡು. ಸೀಟಿನ ನಾರು, ತಾಡಪತ್ರಿಯ ಎಳೆ, ಅರಿವೆ ಚೂರು. ಜೊತೆಗೆ ಜೇಜುರಿಯ ಮೈಲಾರಲಿಂಗನ ಗುಡಿಯ ಭಂಡಾರದ, ಅದೇ ಅರಿಶಿನ ಪುಡಿಯ, ಪೊಟ್ಟಣ. ನಿನ್ನ ಮದುವೆ ಗೊತ್ತಾದ ವರ್ಷ ನಮ್ಮನ್ನೆಲ್ಲ ಹಿಂದೆ ಕೂರಿಸಿಕೊಂಡು ಅಪ್ಪ ಜೇಜುರಿಗೆ ಹೋಗಿದ್ದರಲ್ಲ, ಆಗ ತಂದು ಸ್ಟೇರಿಂಗಿನ ಮುಂದೆ ಇಟ್ಟದ್ದು. ಇಲಿ ಅದನ್ನು ಎಳೆದೊಯ್ದು ಹರಿದಿತ್ತು. ಗೂಡಿನೊಳಗೆ ಕಣ್ಣು ಬಿಡದ ಮರಿಗಳು, ಬೆರಳ ತುದಿಯಷ್ಟು. ಮೈಗೆಲ್ಲ ಭಂಡಾರ ಹತ್ತಿ ಹಳದಿಯಾಗಿದ್ದವು.

ಕೈಯಲ್ಲಿ ಕಸ ತುಂಬುವ ಮೊರ ಹಿಡಿದೇ ನಿಂತೆ. ನಮ್ಮ ಮೈಲಾರಲಿಂಗನ ಭಂಡಾರ ಹಚ್ಚಿಕೊಂಡ ಕೂಸುಗಳನ್ನು ಗಟಾರಕ್ಕೆ ಹೇಗೆ ಸುರಿಯಲಿ? ಅದೂ ನಾಳೆ ಮನೆಗೆ ಗಣಪತಿ ಬರುವಾಗ? ಮನೆಯಲ್ಲೊಬ್ಬರು ಹಾಸಿಗೆ ಹಿಡಿದಿರುವಾಗ ಎಲ್ಲದಕ್ಕೂ ಹೆದರಿಕೆ, ನೀತಾ. ಈ ಪಾಪ ಅವರಿಗೆ ತಟ್ಟಿದರೆ? ಕಣ್ಣು ಬಿಡುವವರೆಗೆ ಇರಲಿ ಎಂದು ಮುಚ್ಚಳ ಮೆಲ್ಲಗೆ ಇಟ್ಟು ಬಂದೆ. ಬೋನನ್ನೂ ತೆಗೆದಿಟ್ಟೆ. ಅಂಬಾದಾಸನಿಗೆ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದ.

ಮರಿಗಳು ಕಣ್ಣು ಬಿಟ್ಟವು, ಬೆಳೆದವು, ಹೋದವು. ಹೋಗುವ ಮೊದಲು ಎಂಜಿನ್ನಿಗೆ ನೀರು ಹೋಗುವ ಪೈಪು ಕಡಿದಿದ್ದವು. ಅದು ನನಗೆ ಗೊತ್ತಾಗಲಿಲ್ಲ. ದಸರೆಯ ಖಂಡೇನವಮಿಗೆ ಗಾಡಿ ತೊಳೆದು, ಚೆಂಡು ಹೂವಿನ ಮಾಲೆ ಹಾಕಿ, ಗಾಲಿಗೆ ಲಿಂಬೆಹಣ್ಣು ಇಟ್ಟು ಕೀಲಿ ತಿರುಗಿಸಿದೆ. ಆ ವಾರ ಅಪ್ಪನಿಗೆ ಜ್ವರ, ಗಂಜಿ ಕೂಡ ಒಲ್ಲೆ ಎನ್ನುತ್ತಿದ್ದರು. ಹಬ್ಬದ ದಿನವಾದರೂ ಕೇಳಲಿ ಎಂದು, ಎಂದಿಗಿಂತ ಬಹಳ ಹೊತ್ತು ಎಂಜಿನ್ ಓಡಿಸಿದೆ. ನೀರು ಸೋರುತ್ತಿತ್ತು. ಆಗತಾನೇ ತೊಳೆದ ನೆಲ, ಯಾವ ನೀರು ಯಾವುದೆಂದು ಹೇಗೆ ತಿಳಿಯಬೇಕು? ಕರ್ ಎಂದು ಕಿರುಚಿ ನಿಂತದ್ದು ಮತ್ತೆ ಅಲುಗಲಿಲ್ಲ. ನೀರಿಲ್ಲದೆ ಕಾದು ಎಂಜಿನ್ ಹಿಡಿದುಕೊಂಡಿದೆ, ಒಳಗೆ ಒಡೆದಿದೆ, ಇದರ ಮೇಲೆ ಇನ್ನು ಖರ್ಚು ಮಾಡಬ್ಯಾಡ್ರಿ ಎಂದು ಅಂಬಾದಾಸ ತಲೆ ಕೆಳಗೆ ಹಾಕಿ ಹೇಳಿದ.

ಮೇಲೆ ಬಂದು ಡೀಸೆಲ್ ಮುಗಿಯಿತು ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿ ಬೆರಳೆತ್ತಿದರು. ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಶ್ರಾವಣದಲ್ಲಿ ಕೊಟ್ಟಿದ್ದರೆ ಆ ಗಾಡಿ ಇವತ್ತು ವಿಜಾಪುರದಲ್ಲಿ ಓಡುತ್ತಿತ್ತು. ಒಬ್ಬರ ಕಿವಿಗೆಂದು ಇಟ್ಟುಕೊಂಡು ಇನ್ನೊಬ್ಬರ ಅನ್ನ ಕೆಡಿಸಿದೆ. ನಿನಗೆ ಸಿಟ್ಟು ಬರುವುದು ಸಹಜ, ಬೈದು ಬರೆ. ಆದರೆ ಬರೆ.

ಅಪ್ಪನಿಗೆ ಇದಾವುದೂ ಗೊತ್ತಿಲ್ಲ. ಅಂದಿನಿಂದ ಅಂಬಾದಾಸ ರವಿವಾರ ತನ್ನ ಮೆಟಾಡೋರ್ ತಂದು ನಮ್ಮದರ ಪಕ್ಕ ನಿಲ್ಲಿಸಿ ಚಾಲೂ ಮಾಡುತ್ತಾನೆ. ನಾನು ಕೆಳಗೆ ನಿಂತಿದ್ದು, ಮುಖ ನೆಟ್ಟಗೆ ಮಾಡಿಕೊಂಡು ಮೇಲೆ ಹೋಗುತ್ತೇನೆ. ಅವರು ಬೆರಳೆತ್ತುತ್ತಾರೆ. ಇವತ್ತೂ ಎತ್ತಿದರು. ಸಂಕ್ರಾಂತಿಗೆ ನೀವು ಬಂದಾಗ ಅವರ ಮುಂದೆ ಗಾಡಿಯ ಮಾತು ತೆಗೆಯಬೇಡಿ, ಇಷ್ಟೇ ಕೇಳಿಕೊಳ್ಳುತ್ತೇನೆ. ಮಾರ್ಕೆಟ್ ಯಾರ್ಡಿನಲ್ಲಿ ಅಳಿಯಂದಿರಿಗೆ ಡ್ರೈವರ್ ಕೆಲಸ ಸಿಕ್ಕೀತೇ ಎಂದು ಅಂಬಾದಾಸನಿಗೆ ವಿಚಾರಿಸಲು ಹೇಳಿದ್ದೇನೆ. ಪರರ ಗಾಡಿ ನಡೆಸಬೇಕಾದೀತು. ಅದಕ್ಕೂ ನನ್ನನ್ನೇ ಬೈಯಲಿ.

ಮೈ ಕಡೆ ಜೋಪಾನ.

ನಿನ್ನ ಅವ್ವ,
ಪಾರವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಕರೆದರು. ಯಾರಿಗೆ ಪತ್ರ ಎಂದು ಕಣ್ಣಿನಲ್ಲೇ ಕೇಳಿದರು. ನೀತಾಗೆ ಎಂದೆ. ಬಹಳ ಹೊತ್ತು ತುಟಿ ಅಲ್ಲಾಡಿಸಿ, "ಗಾಡಿ ಹೋತು ಅಂತ ಬರಿ" ಎಂದರು. ಹೋಗುವುದೆಲ್ಲಿಗೆ, ಮುಂಜಾನೆ ಕೇಳಲಿಲ್ಲವೇ ಎಂದೆ. "ಅದು ಅಂಬಾದಾಸಂದು" ಎಂದರು. ಮೊದಲ ರವಿವಾರವೇ ಗೊತ್ತಾಗಿತ್ತಂತೆ. ಮತ್ತೆ ಬೆರಳೆತ್ತಿದ್ದು ಯಾಕೆ ಎಂದು ಕೇಳಿದೆ. ಉತ್ತರ ಕೂಡಿಸಿಕೊಳ್ಳುವಷ್ಟರಲ್ಲಿ ಚಹಾ ಆರಿಹೋಯಿತು. "ಎಂಜಿನ್ ಕೇಳಾಕಲ್ಲ. ಅದು ಚಾಲೂ ಆದ ದಿನ ನೀ ನಕ್ಕೋತ ಮ್ಯಾಲ ಬರ್ತಿದ್ದಿ" ಎಂದರು.

ಹಾಗಿದ್ದರೆ ಗಾಡಿಯನ್ನು ಶ್ರಾವಣದಲ್ಲೇ ನಿನಗೆ ಕೊಡಬಹುದಿತ್ತಲ್ಲ, ನೀತಾ. ನಗಲಿಕ್ಕೆ ನನಗೆ ಎಂಜಿನ್ ಯಾಕೆ ಬೇಕಿತ್ತು?